ಫೈಲು ಓಡಾಡಿದ್ದು ಐದು ತಿಂಗಳು, ನಾನು ನಾಲ್ಕೇ ತಿಂಗಳು

ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪಿಎಚ್‌ಡಿ ವಿದ್ಯಾರ್ಥಿನಿ. ಊರು ಗದಗ-ಬೆಟಗೇರಿ. ನಮ್ಮ ಮನೆಯಲ್ಲಿ ಮಗ್ಗ ಇತ್ತು. ಈಗ ಮಗ್ಗದ ಕುಣಿ ಮಾತ್ರ ಉಳಿದಿದೆ, ಅದರ ಮೇಲೆ ಹಲಗೆ ಹಾಸಿ ಅವ್ವ ಕಾಳಿನ ಡಬ್ಬಿಗಳನ್ನು ಇಟ್ಟಿದ್ದಾಳೆ. 2025ರ ಬೇಸಿಗೆ ಸೆಮಿಸ್ಟರ್‌ಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಅತಿಥಿ ಸಂಶೋಧಕಿಯಾಗಿ ಹೋಗಿ ಬಂದೆ. ಅದರ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು.

ನನ್ನ ವಿಷಯ 1876ರಿಂದ 78ರ ಬರಗಾಲ ಮತ್ತು ಬೆಟಗೇರಿಯ ನೇಕಾರರು. ಹಳೇ ಮೈಸೂರಿನ ಕಡೆ ಹಿರಿಯರು ಧಾತು ಈಶ್ವರ ಬರ ಅನ್ನುತ್ತಾರಲ್ಲ, ಅದೇ ಬರ. ಈ ನೇಕಾರರ ಬಗ್ಗೆ ಬರೆದಿಟ್ಟವರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಗಳೂ ಇದ್ದಾರೆ. ಅವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ನಮ್ಮ ಬೆಟಗೇರಿಯಲ್ಲಿ ಠಾಣೆ ಹೂಡಿದರು. ಪ್ರತಿ ಪಾದ್ರಿಯೂ ಕಾಲಕಾಲಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ವರದಿ ಕಳಿಸಲೇಬೇಕಿತ್ತು. ನಾವು ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡುತ್ತೇವಲ್ಲ, ಹಾಗೆ. ತಡವಾಗಿದ್ದಕ್ಕೆ ಅವರು ಬರೆದ ನೆಪಗಳೂ ನಮ್ಮ ನೆಪಗಳ ಹಾಗೇ ಇವೆ. ಆ ಕೈಬರಹದ ಕಾಗದಗಳು ಇವತ್ತಿಗೂ ಬಾಸೆಲ್‌ನ ಮಿಶನ್ಸ್‌ಸ್ಟ್ರಾಸೆ 21ನೇ ನಂಬರಿನ ಕಟ್ಟಡದಲ್ಲಿವೆ.

"ಮಂಗಳೂರಲ್ಲೇ ಎಲ್ಲ ಸಿಗುತ್ತಲ್ಲಮ್ಮ" ಎಂದು ನನ್ನ ಫೈಲು ನೋಡಿದವರೊಬ್ಬರು ಹೇಳಿದರು. ಅಲ್ಲಿಗೂ ಹೋಗಿದ್ದೆ ಸರ್. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ದೊಡ್ಡದು, ಕೆಲಸಕ್ಕೆ ಬಂತು. ಆದರೆ ಇಲ್ಲಿಂದ ಅಂಚೆಗೆ ಹಾಕಿದ ಮೂಲ ಕಾಗದ ಇಲ್ಲೇ ಹೇಗೆ ಸಿಗುತ್ತದೆ? ಬಾಸೆಲ್‌ನ ಹಳೆಯ ಫೋಟೊಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ನೋಡಬಹುದು. ನನಗೆ ಬೇಕಿದ್ದ ವರದಿಗಳಿಗೆ ಅಲ್ಲೇ ಹೋಗಿ ಕೂರಬೇಕಿತ್ತು.

ಈಗ ಫೈಲಿನ ಕಥೆ.

2024ರ ಅಕ್ಟೋಬರ್ ಕೊನೆಗೆ ಟ್ಯೂಬಿಂಗೆನ್‌ನಿಂದ ಆಹ್ವಾನ ಪತ್ರ ಬಂತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು. ಖರ್ಚಿಗೆ ಅಲ್ಲಿಯದೇ ಒಂದು ಸ್ಕಾಲರ್‌ಶಿಪ್. ನಮ್ಮ ವಿಶ್ವವಿದ್ಯಾಲಯದಿಂದ ಒಂದು ರೂಪಾಯಿಯೂ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಎನ್‌ಒಸಿ. ಈ ಸಂಶೋಧನಾರ್ಥಿ ಐದು ತಿಂಗಳು ಹೋಗಿಬರಲು ನಮ್ಮ ತಕರಾರಿಲ್ಲ ಎಂಬ ಎರಡು ಸಾಲು. ಅದಿಲ್ಲದೆ ಸ್ಕಾಲರ್‌ಶಿಪ್‌ನವರು ಕೊನೆಯ ಪತ್ರ ಕೊಡುವುದಿಲ್ಲ. ಆ ಪತ್ರವಿಲ್ಲದೆ ವೀಸಾ ಅರ್ಜಿ ಹಾಕುವ ಹಾಗಿಲ್ಲ.

ನವೆಂಬರ್ 6ಕ್ಕೆ ಅರ್ಜಿಯನ್ನು ಟಪಾಲಿಗೆ ಕೊಟ್ಟೆ. ಎನ್‌ಒಸಿ ಕೈಗೆ ಬಂದಿದ್ದು ಏಪ್ರಿಲ್ 9ಕ್ಕೆ.

ನಡುವೆ ಏನಾಯಿತು ಅಂತ ಟಿಪ್ಪಣಿ ಹಾಳೆಯನ್ನು ಆಮೇಲೆ ನೋಡಿದೆ. "ಪರಿಶೀಲಿಸಿ ಮಂಡಿಸಿ." "ಚರ್ಚಿಸಿ." "ಒಡಂಬಡಿಕೆ ಇದೆಯೇ?" "ಆರ್ಥಿಕ ಹೊರೆ ಇದೆಯೇ?" "ಹಿಂದಿನ ಪ್ರಕರಣ ಇದ್ದಲ್ಲಿ ಲಗತ್ತಿಸಿ." ಈ ಕೊನೆಯದು ಮೂರು ಸಲ ಇದೆ, ಮೂರು ಬೇರೆ ಬೇರೆ ಇಂಕಿನಲ್ಲಿ. ಹಿಂದಿನ ಪ್ರಕರಣ ಇರಲಿಲ್ಲ. ಯಾರನ್ನೂ ಬಿಡದಿದ್ದರೆ ಹಿಂದಿನ ಪ್ರಕರಣ ಎಲ್ಲಿಂದ ಬರಬೇಕು? ಜನವರಿಯಲ್ಲಿ ಛಾಪಾ ಕಾಗದದ ಮೇಲೆ ವಾಪಸ್ ಬರುತ್ತೇನೆ ಎಂದು ಬರೆಸಿಕೊಂಡರು. ಫೆಬ್ರುವರಿಯಲ್ಲಿ ಪೋಷಕರ ಒಪ್ಪಿಗೆ ಪತ್ರ ಕೇಳಿದರು. ಆಗ ನನ್ನ ವಯಸ್ಸು 29. ಅಪ್ಪ ಸಹಿ ಹಾಕುವ ಮೊದಲು ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ಓಟ್ ಹಾಕಾಕತ್ತಿ ಹನ್ನೊಂದು ವರ್ಷ ಆತು. ಇನ್ನ ನನ್ನ ಒಪ್ಪಿಗಿ ಯಾಕ ಬೇಕಂತ?" ನನ್ನ ಜೊತೆ ಓದುವ ಗಂಡು ಹುಡುಗರಿಗೂ ಇದನ್ನು ಕೇಳುತ್ತಾರಾ ಅಂತ ವಿಚಾರಿಸೋಣ ಅಂದುಕೊಂಡೆ. ಅವರಲ್ಲಿ ಯಾರೂ ಹೋಗೇ ಇರಲಿಲ್ಲ.

ಕೇಸ್ ವರ್ಕರ್ ಮೇಲೆ ನನಗೆ ಸಿಟ್ಟಿಲ್ಲ. ಒಂದು ದಿನ ಅವರೇ ಕ್ಯಾಂಟೀನಿಗೆ ಕರೆದು ಚಹಾ ಕೊಡಿಸಿದರು. "ನಿಯಮದಲ್ಲಿ ಕೊಡಬಹುದು ಅಂತಿದ್ರೆ ಹಾಗೇ ಬರೀತೀನಿ. ಕೊಡಬಾರದು ಅಂತಿದ್ರೂ ಬರೀತೀನಿ. ಏನೂ ಇಲ್ಲ ಅಂದ್ರೆ ಏನು ಬರೀಲಿ ಮೇಡಂ? ನಾಳೆ ಆಡಿಟ್‌ನವರು ನನ್ನನ್ನೇ ಕೇಳ್ತಾರೆ" ಎಂದರು. ನ್ಯಾಯವಾದ ಮಾತು. 2022ರ ಯುಜಿಸಿ ಪಿಎಚ್‌ಡಿ ನಿಯಮದಲ್ಲಿ ಹೆರಿಗೆ ರಜೆ 240 ದಿನ ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಅದಕ್ಕೆ ಹಿಂದಿನ ಪ್ರಕರಣ ಲಗತ್ತಿಸಿ ಅಂತ ಯಾರೂ ಕೇಳುವುದಿಲ್ಲ. ಒಂದು ಸಾಲು ಬರೆದಿಟ್ಟರೆ ಫೈಲು ತಾನಾಗಿ ನಡೆಯುತ್ತದೆ.

ಬಾಸೆಲ್ ಮಿಶನ್ನಿನ ಪಾದ್ರಿಗಳಿಗೆ ಮದುವೆಯಾಗಲೂ ಬಾಸೆಲ್‌ನ ಕಮಿಟಿಯ ಅನುಮತಿ ಬೇಕಿತ್ತು. ಪಾಪ, ಅವರ ಅರ್ಜಿ ಹಡಗು ಹತ್ತಿ ಸಮುದ್ರ ದಾಟಬೇಕಿತ್ತು. ನನ್ನದು ಎರಡನೇ ಮಹಡಿಯಿಂದ ಮೂರನೇ ಮಹಡಿಗೆ ಹೋಗಬೇಕಿತ್ತು ಅಷ್ಟೇ.

ಟ್ಯೂಬಿಂಗೆನ್‌ನಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಏಪ್ರಿಲ್ ಮಧ್ಯಕ್ಕೆ ಶುರುವಾಗುತ್ತದೆ. ನಾನು ತಲುಪಿದ್ದು ಮೇ ಮೊದಲ ವಾರ. ಹಾಸ್ಟೆಲ್ ಕೋಣೆಯ ಕರಾರು ಏಪ್ರಿಲ್ 1ರಿಂದ ಇತ್ತು. ಕಾಲಿಡದ ಕೋಣೆಗೆ ಒಂದು ತಿಂಗಳ ಬಾಡಿಗೆ ಕಟ್ಟಿದೆ. ಸ್ಕಾಲರ್‌ಶಿಪ್ ಶುರುವಾಗುವುದು ಅಲ್ಲಿ ಇಳಿದ ಮೇಲೆ, ಆದ್ದರಿಂದ ಆ ದುಡ್ಡು ಅಪ್ಪನ ಸೊಸೈಟಿ ಖಾತೆಯಿಂದ ಹೋಯಿತು.

ಅಲ್ಲಿ ಎಲ್ಲ ಚೆಂದ, ಇಲ್ಲಿ ಎಲ್ಲ ಕೆಟ್ಟದ್ದು ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಅಲ್ಲಿಯೂ ಕಾಗದದ ಕಾಟ ಜಾಸ್ತಿಯೇ. ಹೋದ ಕೂಡಲೇ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದಾಗದೆ ಬ್ಯಾಂಕಿನ ಕೆಲಸ ಮುಂದೆ ಹೋಗಲಿಲ್ಲ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ಭಾನುವಾರ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಮೊದಲ ಭಾನುವಾರ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಯಲ್ಲೇ ಮೂರು ಹೊತ್ತು ಮುಗಿಸಿದೆ. ಪ್ರೊಫೆಸರ್ ಹದಿನೈದು ದಿನಕ್ಕೊಮ್ಮೆ ಸಿಗುತ್ತಿದ್ದರು, ಅದೂ ಸರಿಯಾಗಿ ನಲವತ್ತೈದು ನಿಮಿಷ. ನಮ್ಮ ಗೈಡ್ ಮೇಡಂ ಹಾಗೆ ಮನೆಗೆ ಕರೆದು ಊಟ ಹಾಕಿ ಅಧ್ಯಾಯ ತಿದ್ದುವವರು ಅಲ್ಲಿ ಸಿಗಲಿಲ್ಲ.

ಆದರೆ ಆ ನಲವತ್ತೈದು ನಿಮಿಷದಲ್ಲಿ ಅವರು ನನ್ನ ಹಾಳೆಗಳನ್ನು ಪೂರ್ತಿ ಓದಿಕೊಂಡೇ ಬಂದಿರುತ್ತಿದ್ದರು. ವಾರಕ್ಕೊಮ್ಮೆ ಪಿಎಚ್‌ಡಿ ಮಾಡುವವರೆಲ್ಲ ಒಂದು ಕೋಣೆಯಲ್ಲಿ ಸೇರಿ, ಒಬ್ಬರ ಬರಹವನ್ನು ಎಲ್ಲರೂ ಬಿಡಿಸಿ ನೋಡುವ ಪದ್ಧತಿ ಇತ್ತು. ನನ್ನ ಸರದಿ ಮುಗಿದಾಗ ಎಲ್ಲರೂ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿದರು. ಚಪ್ಪಾಳೆ ಅಂದರೆ ಅಲ್ಲಿ ಅದೇ ಅಂತ ಆಮೇಲೆ ಗೊತ್ತಾಯಿತು.

ಟ್ಯೂಬಿಂಗೆನ್ ಕನ್ನಡಿಗರಿಗೆ ಹೊಸ ಊರಲ್ಲ. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದ ಕಿಟೆಲ್ ತಮ್ಮ ಕೊನೆಗಾಲವನ್ನು ಕಳೆದದ್ದು ಅಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅದೇ ಊರಲ್ಲಿ ತೀರಿಕೊಂಡರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮ್ಯೋಗ್ಲಿಂಗ್‌ಗೂ ಅದೇ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತ್ತು. ಬೆಂಗಳೂರಲ್ಲಿ ಕಿಟೆಲ್ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಅವರ ಕಾಲದ ಕಾಗದ ಓದುವವರನ್ನು ಕಳಿಸುವುದಕ್ಕೆ ಮಾತ್ರ ನಮ್ಮಲ್ಲಿ ಒಂದು ಸಾಲಿನ ನಿಯಮವಿಲ್ಲ.

ಟ್ಯೂಬಿಂಗೆನ್‌ನಿಂದ ತಿಂಗಳಿಗೊಂದು ವಾರ ಬಾಸೆಲ್‌ಗೆ ಹೋಗುತ್ತಿದ್ದೆ. ಜರ್ಮನಿಯಲ್ಲಿ ತಿಂಗಳಿಗೆ 58 ಯೂರೋದ ಒಂದು ಪಾಸ್ ಇತ್ತು, ಪ್ಯಾಸೆಂಜರ್ ರೈಲುಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಬಾಸೆಲ್‌ನಲ್ಲಿ ಬಾಡಿಷರ್ ಬಾನ್‌ಹೋಫ್ ಅಂತ ಒಂದು ನಿಲ್ದಾಣವಿದೆ. ಅದು ಇರುವುದು ಸ್ವಿಟ್ಜರ್ಲೆಂಡಿನ ನೆಲದಲ್ಲಿ, ನಡೆಸುವುದು ಜರ್ಮನ್ ರೈಲ್ವೆ. ಅಲ್ಲಿಯವರೆಗೆ ಪಾಸ್ ನಡೆಯುತ್ತದೆ. ಅಲ್ಲಿಂದಾಚೆ ಸ್ವಿಸ್ ದರ. ಹಾಗಾಗಿ ಬಾಸೆಲ್‌ನ ಊಟವೆಲ್ಲ ನನ್ನ ಡಬ್ಬಿಯಲ್ಲೇ ಹೋಗುತ್ತಿತ್ತು.

ಆ ಓದುಕೋಣೆಯ ಮೊದಲ ದಿನವನ್ನು ಹೇಳಬೇಕು. ಪೆನ್ನು ಹೊರಗಿಟ್ಟು ಪೆನ್ಸಿಲ್ ಮಾತ್ರ ಒಳಗೆ. ಕಾಗದದ ಕಟ್ಟು ಇಡಲು ಸ್ಪಂಜಿನ ದಿಂಬು, ಹಾಳೆ ಮಡಚದಂತೆ ಮೇಲಿಡಲು ಸೀಸದ ಗುಂಡು ತುಂಬಿದ ಬಟ್ಟೆಯ ಪಟ್ಟಿ, ಹಾವಿನಂಥದ್ದು. ಕಟ್ಟು ಬಿಚ್ಚಿದೆ. ಒಂದು ಅಕ್ಷರವೂ ತಿಳಿಯಲಿಲ್ಲ. ಎರಡು ವರ್ಷ ಜರ್ಮನ್ ಕಲಿತು ಹೋಗಿದ್ದೆ ನಾನು! ಆದರೆ ಆ ಕಾಲದವರು ಬರೆಯುತ್ತಿದ್ದುದು ಕುರೆಂಟ್ ಎಂಬ, ಅಕ್ಷರ ಕೂಡಿಸಿ ಬರೆಯುವ ಹಳೆಯ ಮೋಡಿ ಬರಹ. ಅದರಲ್ಲಿ 'ಇ' (e) ಅಕ್ಷರ ಈಗಿನ 'ಎನ್' (n) ಥರ ಕಾಣುತ್ತದೆ. 'ಯು' (u) ಯಾವುದು 'ಎನ್' ಯಾವುದು ಅಂತ ಹೇಳಲು ಮೇಲೊಂದು ಪುಟ್ಟ ಕಮಾನು. ಮೊದಲ ಪುಟಕ್ಕೆ ನಾಲ್ಕು ದಿನ ಹಿಡಿಯಿತು.

ಪಕ್ಕದ ಮೇಜಿನಲ್ಲಿ ಒಬ್ಬರು ಅಜ್ಜಿ ತಮ್ಮ ಮನೆತನದ ಕಾಗದ ಓದುತ್ತಿದ್ದರು. ಅವರೇ ದಾರಿ ತೋರಿಸಿದ್ದು. ಮೊದಲು ಅಂಕಿ ಹುಡುಕು, ಆಮೇಲೆ ಊರಿನ ಹೆಸರು ಹುಡುಕು ಎಂದರು. ಆ ಕಾಲದವರು ಪರಭಾಷೆಯ ಪದ ಬಂದಾಗ ಮೋಡಿ ಬಿಟ್ಟು ಬಿಡಿಯಾದ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರಂತೆ. ಮತ್ತೆ ನೋಡುತ್ತೇನೆ, ಆ ಸಿಕ್ಕುಸಿಕ್ಕಾದ ಸಾಲುಗಳ ನಡುವೆ ಬೆಟಗೇರಿ, ಗದಗ, ಹುಬ್ಬಳ್ಳಿ ಎಲ್ಲ ದೀಪ ಹಚ್ಚಿಟ್ಟ ಹಾಗೆ ಕೂತಿವೆ. ಪುಟದಲ್ಲಿ ನನಗೆ ಓದಲು ಬರುತ್ತಿದ್ದುದು ಕನ್ನಡದ ಪದಗಳು ಮಾತ್ರ. ಆ ಅಜ್ಜಿಗೆ ಉಳಿದದ್ದೆಲ್ಲ ಬರುತ್ತಿತ್ತು, ಇವು ಮಾತ್ರ ಬರುತ್ತಿರಲಿಲ್ಲ.

ಒಂದು ಪದದ ಕಥೆ ಹೇಳುತ್ತೇನೆ. ಬರಗಾಲದ ಒಂದು ವರದಿಯಲ್ಲಿ, ನೇಕಾರರ ಬಳಿ ಗಂಜಿ ಇಲ್ಲ, ಮಗ್ಗಗಳು ನಿಂತಿವೆ ಎಂಬರ್ಥದ ಒಂದು ಸಾಲಿತ್ತು. ಗಂಜಿ ಎಂಬ ಪದವನ್ನು ಹಾಗೇ ಕನ್ನಡದಲ್ಲೇ ಬಿಟ್ಟಿದ್ದರು. ವಾರದ ಕೂಟದಲ್ಲಿ ಇದನ್ನು ಓದಿದಾಗ ಎಲ್ಲರಿಗೂ ಅರ್ಥ ಸಲೀಸಾಗಿತ್ತು. ಬರ, ಊಟವಿಲ್ಲ, ಮೈಯಲ್ಲಿ ಕಸುವಿಲ್ಲ, ಮಗ್ಗ ನಿಂತಿತು. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಬರದಲ್ಲಿ ಗಂಜಿ ಅಂದರೆ ಕುಡಿಯುವ ಗಂಜಿ ನಿಜ. ಆದರೆ ನೇಕಾರರ ಓಣಿಯಲ್ಲಿ ಗಂಜಿ ಅಂದರೆ ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ, ಹಚ್ಚುವ ಗಂಜಿಯೂ ಹೌದು. ಅವತ್ತು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮೂರಲ್ಲಿ ಆಗ ನಡುರಾತ್ರಿ ದಾಟಿತ್ತು.

"ನಮ್ಮಜ್ಜ ಹಿಟ್ಟಿನ ಗಂಜಿ ಕಾಸಿ ಹಾಸಿಗೆ ಹಚ್ಚತಿದ್ದ. ಗಂಜಿ ಕುಡೀಲಿಲ್ಲ ಅಂದ್ರ ನೂಲು ಪಟಪಟ ಹರೀತದ, ನೇಯಾಕ ಬರೂದಿಲ್ಲ" ಎಂದ ಅಪ್ಪ. ಬರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಿನ್ನಾಕ ಹಿಟ್ಟಿಲ್ಲದಾಗ ನೂಲಿಗೆ ಯಾರು ತಿನಸ್ತಾರವ್ವಾ?" ಎಂದ.

ನನ್ನ ಎರಡನೇ ಅಧ್ಯಾಯ ತಿರುಗಿದ್ದು ಅಲ್ಲಿ. ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗ ನಿಂತಿತು ಅಂತ ಮಾತ್ರ ಬರೆದಿದ್ದೆ. ಹಿಟ್ಟು ಹೊಟ್ಟೆಗೋ ನೂಲಿಗೋ ಎಂಬ ಪ್ರಶ್ನೆ ಆಮೇಲೆ ಬಂತು. ಅದೇ ಗಂಜಿಯನ್ನು ಹುಡುಕಿಕೊಂಡು ಬೇರೆ ಠಾಣೆಗಳ ವರದಿ ತೆಗೆಸಿ ಓದಿದೆ. ಮೂರನೇ ತಿಂಗಳ ಹೊತ್ತಿಗೆ ದಿನಕ್ಕೆ ಎಂಟು ಪುಟ ಓದುವ ಹಾಗಾಗಿದ್ದೆ. ಇನ್ನೂ ಎರಡು ಪೆಟ್ಟಿಗೆ ಬಾಕಿ ಇದ್ದವು. ವೀಸಾ ಮುಗಿಯಿತು. ಫೈಲು ತಿಂದ ತಿಂಗಳಿನ ಲೆಕ್ಕ ಆ ಎರಡು ಪೆಟ್ಟಿಗೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ವಿದೇಶಕ್ಕೆ ಹೋಗುವುದನ್ನು ನಮ್ಮಲ್ಲಿ ಒಂದು ಬಹುಮಾನದ ಹಾಗೆ ನೋಡುತ್ತಾರೆ. ಪುಣ್ಯವಂತರಿಗೆ ಸಿಕ್ಕ ಟೂರು. ಸೆಕ್ಷನ್‌ನಲ್ಲಿ ಎಷ್ಟು ಜನ ನನ್ನನ್ನು ಚಾಕೊಲೇಟ್ ಕೇಳಿದರು ಗೊತ್ತಾ? ತಂದುಕೊಟ್ಟೆ, ಅದಕ್ಕೇನಂತೆ. ಆದರೆ ಆ ಕಾಗದಗಳ ಮುಂದೆ ಕೂರಬೇಕಾದವರು ಮನೆಯಲ್ಲಿ ಮಗ್ಗದ ಮಾತು, ಗದ್ದೆಯ ಮಾತು, ಹೆಂಚಿನ ಕಾರ್ಖಾನೆಯ ಮಾತು ಕೇಳಿ ಬೆಳೆದವರು. ಅಂಥವರು ದೆಹಲಿಯ ದೊಡ್ಡ ಸಂಸ್ಥೆಗಳಿಗಿಂತ ನಿಮ್ಮ ವಿಶ್ವವಿದ್ಯಾಲಯಗಳಲ್ಲೇ ಜಾಸ್ತಿ ಇದ್ದಾರೆ. ಕಲಬುರಗಿ, ವಿಜಯಪುರ, ಶಿವಮೊಗ್ಗ, ಕೋಲಾರದ ಹಳ್ಳಿಗಳಿಂದ ಬಸ್ ಹಿಡಿದು ಬರುತ್ತಾರೆ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಸ್ಕಾಲರ್‌ಶಿಪ್ ಇಲ್ಲದೆ ಸ್ವಂತ ಖರ್ಚಿನಲ್ಲಿ ಜರ್ಮನಿಗೆ ಓದಲು ಹೋಗುವವರು 2025ರಲ್ಲಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಖಾತೆಯಲ್ಲಿ ಹಣ ತೋರಿಸಬೇಕಿತ್ತು. ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ಯುಜಿಸಿಯ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಫೆಲೋಶಿಪ್ಪೇ ಇಲ್ಲದವರ ಕಥೆ ಬಿಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೆ, ಭೂಮಿ ಇಲ್ಲದ ಕೂಲಿಕಾರರ ಮಕ್ಕಳಿಗೆ, ಪರಂಪರೆಯ ಕುಶಲಕರ್ಮಿಗಳ ಮಕ್ಕಳಿಗೆ ಇದೆ. ಆದರೆ ಅದು ಪೂರ್ತಿ ಪದವಿಗೆ, ಸೆಮಿಸ್ಟರ್‌ಗೆ ಅಲ್ಲ. ಅದರ ಮೇಲೆ 2022ರಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳಿಗೆ ಕೊಡುವುದಿಲ್ಲ ಎಂಬ ಸಾಲನ್ನೂ ಸೇರಿಸಿದರು. ಭಾರತದ ಇತಿಹಾಸವನ್ನು ಭಾರತದಲ್ಲೇ ಓದಬಹುದಲ್ಲ ಎಂಬ ತರ್ಕ. ನೇಕಾರನ ಮಗಳು ನೇಕಾರರ ಕಾಗದ ಓದಲು ಹೊರಟರೆ ಅದು ಅಡ್ಡ ಬರುತ್ತದೆ. ಇದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿರುವುದನ್ನು ಕೇಳುತ್ತೇನೆ.

ಪಿಎಚ್‌ಡಿ ನಿಯಮಾವಳಿಯಲ್ಲಿ ಒಂದು ಕಲಂ ಸೇರಿಸಿ. ಕೋರ್ಸ್‌ವರ್ಕ್ ಮುಗಿಸಿದ ಸಂಶೋಧನಾರ್ಥಿ, ಗೈಡ್ ಒಪ್ಪಿದರೆ, ಒಂದು ಸೆಮಿಸ್ಟರ್ ಬೇರೆ ದೇಶದ ಸಂಸ್ಥೆಯಲ್ಲೋ ದಾಖಲೆ ಸಂಗ್ರಹದಲ್ಲೋ ಕೆಲಸ ಮಾಡಬಹುದು, ಆ ಕಾಲವನ್ನು ಹಾಜರಿ ಅಂತಲೇ ಎಣಿಸಬೇಕು, ರಜೆ ಅಂತಲ್ಲ. ಎರಡೂ ಸಂಸ್ಥೆಗಳ ನಡುವೆ ಒಡಂಬಡಿಕೆ ಇರಲೇಬೇಕು ಅನ್ನಬೇಡಿ. ದಾಖಲೆ ಕೋಣೆಗಳು ಒಡಂಬಡಿಕೆಗೆ ಸಹಿ ಹಾಕುತ್ತಾ ಕೂರುವುದಿಲ್ಲ. ಎನ್‌ಒಸಿಯನ್ನು ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 'ಸಕಾಲ' ಯೋಜನೆಗೆ ಸೇರಿಸಿ. 2011ರ ಆ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ನನಗೆ ಆ 500 ಬೇಡ. ಸಕಾಲದಲ್ಲಿ ಅರ್ಜಿಗೊಂದು ನಂಬರ್ ಸಿಗುತ್ತದೆ, ಇಂಥ ದಿನದೊಳಗೆ ಅಂತ ಒಂದು ತಾರೀಕು ಸಿಗುತ್ತದೆ. ಮೂವತ್ತು ದಿನ ಇಟ್ಟುಕೊಳ್ಳಿ. ಇಲ್ಲ ಅನ್ನುವುದಾದರೂ ಮೂವತ್ತು ದಿನದಲ್ಲಿ ಅನ್ನಿ. ಪೋಷಕರ ಒಪ್ಪಿಗೆ ಪತ್ರವನ್ನು ದಯವಿಟ್ಟು ತೆಗೆದುಹಾಕಿ.

ಇನ್ನೊಂದು, ವಾಪಸ್ ಬಂದವರ ಫೆಲೋಶಿಪ್. ಅಲ್ಲಿ ದುಡ್ಡು ತೆಗೆದುಕೊಳ್ಳುವಾಗ ಇಲ್ಲಿನದನ್ನು ನಿಲ್ಲಿಸಿದ್ದು ಸರಿ, ಎರಡೂ ಕಡೆ ತಿನ್ನಬಾರದು. ಆದರೆ ಸೆಪ್ಟೆಂಬರ್ 1ಕ್ಕೆ ಹಾಜರಾದವಳಿಗೆ ಮತ್ತೆ ದುಡ್ಡು ಬರಲು ಶುರುವಾಗಿದ್ದು ಡಿಸೆಂಬರ್‌ನಲ್ಲಿ. ತಿಂಗಳು ತಿಂಗಳು ಪೋರ್ಟಲ್‌ನಲ್ಲಿ ಒಬ್ಬರು ಹಾಕಬೇಕು, ಇನ್ನೊಬ್ಬರು ಒಪ್ಪಬೇಕು. ಹಾಕುವವರು ಹಾಕಿದ್ದರು, ಒಪ್ಪುವವರಿಗೆ ವರ್ಗವಾಗಿತ್ತು. ಸುಮ್ನೆ ಒಂದು ಕ್ಲಿಕ್‌ಗೆ ಮೂರು ತಿಂಗಳು ಅಪ್ಪನ ಹತ್ತಿರ ಕೈ ಚಾಚಿದೆ.

ಮತ್ತೆ, ಆಗುವುದಾದರೆ, ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿ ಹಳೆಯ ಬರಹಗಳನ್ನು ಓದಲು ಕಲಿಸಿ. ನಮ್ಮ ಮೋಡಿ, ಅವರ ಕುರೆಂಟ್. ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಮಕ್ಕಳಿಗೆ ನಮ್ಮ ವಿದ್ವಾಂಸರಾದ ವಿವೇಕ ರೈ ಅವರು ಹೋಗಿ ಕನ್ನಡ ಕಲಿಸಿ ಬಂದಿದ್ದಾರೆ. ಇಲ್ಲಿಂದ ಹೋಗುವವರು ಅಲ್ಲಿನ ಅಕ್ಷರವನ್ನು ಇಲ್ಲೇ ಕಲಿತು ಹೋದರೆ ಮೊದಲ ಪುಟಕ್ಕೆ ನಾಲ್ಕು ದಿನ ಕಳೆಯಬೇಕಿಲ್ಲ. ನಾನು ಬರೆದುಕೊಂಡ ಅಕ್ಷರಗಳ ಪಟ್ಟಿ ಇದೆ, ಶನಿವಾರಗಳಂದು ಕಲಿಸಲು ನಾನು ತಯಾರಿದ್ದೇನೆ, ದುಡ್ಡು ಬೇಡ. ಈ ಬಗ್ಗೆ ವಿಭಾಗಕ್ಕೆ ಅರ್ಜಿ ಕೊಟ್ಟಿದ್ದೇನೆ. ಅದೂ ಪರಿಶೀಲನೆಯಲ್ಲಿದೆ.

ನಮ್ಮ ವಿಭಾಗದಲ್ಲಿ ನನಗಿಂತ ಕಿರಿಯಳೊಬ್ಬಳಿದ್ದಾಳೆ. ಕರಾವಳಿಯವಳು, ಅವಳ ಅಜ್ಜಿ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಅವಳಿಗೂ ಆಹ್ವಾನ ಬಂದಿದೆ, ಮುಂದಿನ ಬೇಸಿಗೆ ಸೆಮಿಸ್ಟರ್‌ಗೆ. ಅರ್ಜಿ ಕೊಟ್ಟು ಆರು ವಾರವಾಯಿತು. ನಿನ್ನೆ ಅವಳ ಜೊತೆ ಸೆಕ್ಷನ್‌ಗೆ ಹೋಗಿದ್ದೆ. ಫೈಲು ಮೂರನೇ ಮೇಜಿನ ಮೇಲಿತ್ತು. ಈ ಸಲ ಹಿಂದಿನ ಪ್ರಕರಣ ಲಗತ್ತಿಸಿದ್ದಾರೆ, ನನ್ನದೇ ಎನ್‌ಒಸಿಯ ಜೆರಾಕ್ಸ್. ಅದರ ಮೇಲೆ ಯಾರೋ "ಚರ್ಚಿಸಿ" ಎಂದು ಬರೆದಿದ್ದಾರೆ. ಅವಳ ಕೋಣೆಯ ಬಾಡಿಗೆ ಏಪ್ರಿಲ್ 1ರಿಂದ ಶುರು.

ಇಂತಿ ತಮ್ಮ ವಿಶ್ವಾಸಿ,
ಬೆಟಗೇರಿಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ